ಎಸಿಎಲ್ ಆಪರೇಷನ್ ಆದ್ಮೇಲೂ ಮಂಡಿಗೆ ಆರ್ಥ್ರೈಟಿಸ್ ಬರ್ಬಹುದು ಅಂತಾರಲ್ಲ, ಕಾರ್ಟಿಲೇಜ್ ಒಳಗೆ ನಿಜವಾಗ್ಲೂ ಏನಾಗತ್ತೆ?

ಎಡಗಾಲ್_ಕಿಕ್

ಎಲ್ರಿಗೂ ನಮಸ್ಕಾರ. ನಂಗೆ 27 ವರ್ಷ. ಹೋದ ವರ್ಷ ಫುಟ್‌ಬಾಲ್ ಆಡೋವಾಗ ಬಲಗಾಲು ಊರಿ ಗಕ್ಕನೆ ತಿರುಗ್ದೆ, ಮಂಡಿ ಒಳಗೆ ಟಪ್ ಅಂತು, ರಾತ್ರಿ ಅಷ್ಟೊತ್ತಿಗೆ ಊದ್ಕೊಂಡ್ಬಿಡ್ತು. ಎಂಆರ್‌ಐನಲ್ಲಿ ಎಸಿಎಲ್ (ಮಂಡಿ ಒಳಗೆ ಎರಡು ಮೂಳೆನ ಹಿಡ್ದಿಡೋ ಲಿಗಮೆಂಟ್) ಪೂರ್ತಿ ಹರಿದಿದೆ, ಮೂಳೆಲಿ ಬೋನ್ ಬ್ರೂಸ್, ಅಂದ್ರೆ ಒಳಪೆಟ್ಟು ಇದೆ ಅಂತ ಬಂತು. ಆಪರೇಷನ್ ಆಯ್ತು, ಈಗ ಮಂಡಿ ಗಟ್ಟಿಯಾಗಿದೆ, ನೋವಿಲ್ಲ, ಮೆಟ್ಲು ಹತ್ತೋದು ಇಳಿಯೋದು ಎಲ್ಲ ಸಲೀಸು. ಆದ್ರೂ ಡಾಕ್ಟ್ರು "ಮುಂದೆ ಆಸ್ಟಿಯೋಆರ್ಥ್ರೈಟಿಸ್ (ಕೀಲು ಸವೆತ) ಬರೋ ಚಾನ್ಸ್ ಇದೆ, ತೂಕ ಏರೋಕೆ ಬಿಡ್ಬೇಡಿ, ತೊಡೆ ಎಕ್ಸರ್‌ಸೈಜ್ ನಿಲ್ಲಿಸ್ಬೇಡಿ" ಅಂದ್ರು. ಹರಿದಿದ್ದು ಲಿಗಮೆಂಟ್, ಅದನ್ನ ಹೊಸದಾಗಿ ಹಾಕಿದ್ದೂ ಆಯ್ತು, ಮತ್ತೆ ಮೂಳೆ ತುದಿ ಮೇಲಿರೋ ನುಣುಪು ಪದರ, ಈ ಕಾರ್ಟಿಲೇಜ್ ಯಾಕೆ ಹಾಳಾಗ್ಬೇಕು ಅನ್ನೋದು ನಂಗೆ ತಲೆಗೆ ಹೋಗ್ತಿಲ್ಲ. ನೋವೇ ಇಲ್ಲ ಅಂದ್ರೆ ಒಳಗೆ ಎಲ್ಲ ಸರಿ ಇದೆ ಅಂತ ಅಲ್ವಾ? ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ.

ಸ್ಲೈಡ್_ನೋಡೋಳು

ನಾನು ಕಾರ್ಟಿಲೇಜ್ ಕೋಶಗಳ ಮೇಲೇ ಲ್ಯಾಬಲ್ಲಿ ಕೆಲ್ಸ ಮಾಡೋದು, ಡಾಕ್ಟರ್ ಅಲ್ಲ, ಹಂಗಾಗಿ ಟ್ರೀಟ್‌ಮೆಂಟ್ ಬಗ್ಗೆ ನಿಮ್ಮ ಡಾಕ್ಟ್ರ ಮಾತೇ ಕೊನೆ.

ಮೊದ್ಲು ನೋವಿನ ವಿಷ್ಯ. ಕಾರ್ಟಿಲೇಜಲ್ಲಿ ನರ ಇಲ್ಲ, ರಕ್ತನಾಳನೂ ಇಲ್ಲ. ಹಾಗಾಗಿ ಅದು ಸುಮಾರು ಹಾಳಾಗೋವರೆಗೂ ಅದ್ರಿಂದ ನಿಮಗೆ ನೋವಿನ ಸುಳಿವೇ ಸಿಗಲ್ಲ, ಮುಂದೆ ಬರೋ ನೋವೂ ಕೆಳಗಿನ ಮೂಳೆ, ಕೀಲಿನ ಪೊರೆ ಇವುಗಳಿಂದ ಬರತ್ತೆ. ರಕ್ತ ಇಲ್ದೇ ಇರೋದ್ರಿಂದ ಊಟ ಎಲ್ಲ ಕೀಲಿನ ದ್ರವದಿಂದ್ಲೇ ನಿಧಾನಕ್ಕೆ ಇಳಿದು ಬರ್ಬೇಕು. ಅದ್ರೊಳಗೆ ಇರೋ ಕೋಶ ಒಂದೇ ಜಾತಿ, ಕಾಂಡ್ರೋಸೈಟ್ ಅಂತ, ಅದೂ ಒಟ್ಟು ಗಾತ್ರದ ನೂರಕ್ಕೆ ಒಂದೆರಡು ಪಾಲು ಅಷ್ಟೇ. ಉಳಿದಿದ್ದೆಲ್ಲ ನೀರು, ಟೈಪ್ 2 ಕೊಲಾಜೆನ್ ಅನ್ನೋ ಗಟ್ಟಿ ನಾರಿನ ಜಾಲ, ಆ ಜಾಲದೊಳಗೆ ನೀರು ಹಿಡ್ಕೊಂಡಿರೋ ಅಗ್ರಿಕ್ಯಾನ್ ಅನ್ನೋ ದೊಡ್ಡ ಅಣು. ಇದನ್ನೆಲ್ಲ ಕಟ್ಟಿ ನೋಡ್ಕೊಳ್ಳೋದು ಆ ಬೆರಳೆಣಿಕೆ ಕೋಶಗಳೇ.

ಈಗ ಏಟಿನ ಕಥೆ. ಎಸಿಎಲ್ ಹರಿಯೋ ಗಳಿಗೆಲಿ ತೊಡೆ ಮೂಳೆ ಮತ್ತೆ ಮಂಡಿ ಕೆಳಗಿನ ಕಣಕಾಲು ಮೂಳೆ ಜೋರಾಗಿ ಗುದ್ದಾಡ್ತವೆ, ನಿಮ್ಮ ರಿಪೋರ್ಟಲ್ಲಿರೋ ಬೋನ್ ಬ್ರೂಸ್ ಅದಕ್ಕೇ ಸಾಕ್ಷಿ. ಮಧ್ಯದಲ್ಲಿ ಸಿಕ್ಕಿದ್ದು ಕಾರ್ಟಿಲೇಜ್. ನಾವು ಲ್ಯಾಬಲ್ಲಿ ಒಂದು ತುಂಡು ಕಾರ್ಟಿಲೇಜ್ ಮೇಲೆ ತೂಕ ಬೀಳಿಸಿ ಬಣ್ಣ ಹಾಕಿ ನೋಡ್ತೀವಿ, ಬದುಕಿರೋ ಕೋಶ ಹಸಿರು, ಸತ್ತಿದ್ದು ಕೆಂಪು. ಏಟು ಬಿದ್ದ ಜಾಗದಲ್ಲಿ ಮೇಲ್ಪದರದ ಉದ್ದಕ್ಕೂ, ಬಿರುಕಿನ ಎರಡೂ ಅಂಚಿಗೆ ಕೆಂಪು ಪಟ್ಟಿ ಕಾಣತ್ತೆ, ಕೆಳಗೆ ಹಸಿರು ಹಾಗೇ ಇರತ್ತೆ. ಕೋಶದ ಪೊರೆ ಮೇಲೆ ಪೀಜೋ ಅನ್ನೋ ಬಾಗಿಲುಗಳಿವೆ, ಒತ್ತಡ ವಿಪರೀತ ಆದ್ರೆ ಅವು ತೆರ್ಕೊಂಡು ಕ್ಯಾಲ್ಸಿಯಂ ಒಳಗೆ ನುಗ್ಗತ್ತೆ, ಕೋಶಕ್ಕೆ ಶಕ್ತಿ ಕೊಡೋ ಮೈಟೋಕಾಂಡ್ರಿಯಾ ಕೆಟ್ಟು ಕೋಶಕ್ಕೆ ಹಾನಿ ಮಾಡೋ ಆಕ್ಸಿಜನ್ ಅಣುಗಳನ್ನ ಉಗುಳೋಕೆ ಶುರು ಮಾಡತ್ತೆ, ಕೆಲವು ಕೋಶ ಅಲ್ಲೇ ಸಾಯ್ತವೆ.

ಆದ್ರೆ ನನಗೆ ಹೆಚ್ಚು ಚಿಂತೆ ಬದುಕಿ ಉಳಿದ ಕೋಶಗಳದ್ದೇ. ಏಟಾದ್ಮೇಲೆ ಕೀಲಿನ ದ್ರವದಲ್ಲಿ ಐಎಲ್-1, ಐಎಲ್-6, ಟಿಎನ್‌ಎಫ್ ಅನ್ನೋ ಉರಿಯೂತದ ಸಂದೇಶಗಳು ತುಂಬ್ಕೊಳ್ತವೆ, ಅವು ಕೋಶಕ್ಕೆ ತಗುಲಿದ್ರೆ ಅದ್ರೊಳಗಿನ ಎನ್‌ಎಫ್-ಕಪ್ಪಾ-ಬಿ ಅನ್ನೋ ಉರಿಯೂತದ ಸ್ವಿಚ್ ಆನ್ ಆಗತ್ತೆ, ಕಟ್ಟೋ ಕೆಲ್ಸ ನಿಂತು ಕತ್ತರಿಸೋ ಎಂಜೈಮ್‌ಗಳು ಬರೋಕೆ ಶುರು. ಅಡಮ್‌ಟಿಎಸ್-5 ಅಗ್ರಿಕ್ಯಾನ್ ಕಡಿಯತ್ತೆ, ಎಂಎಂಪಿ-13 ಕೊಲಾಜೆನ್ ಕಡಿಯತ್ತೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಇನ್ನೂ ಕೆಟ್ಟದ್ದು ಏನಂದ್ರೆ ಹೀಗೆ ಕಡಿದು ಬಿದ್ದ ಚೂರುಗಳೇ ವಾಪಸ್ ಕೋಶಕ್ಕೆ ತಗುಲಿ "ಇನ್ನೂ ಕಡಿ" ಅಂತ ಹೇಳ್ತವೆ. ಈ ಸುತ್ತು ಲಿಗಮೆಂಟ್ ಹರಿದ ದಿನವೇ ಶುರುವಾಗಿರತ್ತೆ, ಸರ್ಜನ್ ಲಿಗಮೆಂಟ್ ಹಾಕೋದು ವಾರಗಟ್ಟಲೆ ಆದ್ಮೇಲೆ. ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲೇ ಇದೆ ಅಂತ ನನ್ನ ಅಭಿಪ್ರಾಯ.

ಅಗ್ರಿಕ್ಯಾನ್ ಹೋದ್ರೆ ಕೋಶ ಮತ್ತೆ ಮಾಡ್ಕೊಳ್ಳತ್ತೆ. ಕೊಲಾಜೆನ್ ಜಾಲ ಹೋದ್ರೆ ದೊಡ್ಡೋರಲ್ಲಿ ಅದು ಮತ್ತೆ ಮೊದಲಿನ ಹಾಗೆ ಆಗೋದೇ ಇಲ್ಲ ಅನ್ಬಹುದು.

ಮಂಡಿಪುರಾಣ

ಮೇಡಂ ತುಂಬಾ ಚೆನ್ನಾಗಿ ಹೇಳಿದ್ರಿ. ನಂದು ಪಾದದ ಕೀಲು, ಕಾಲೇಜಲ್ಲಿದ್ದಾಗ ಫ್ರ್ಯಾಕ್ಚರ್ ಆಗಿದ್ದು, ಈಗ 45ಕ್ಕೆ ಆರ್ಥ್ರೈಟಿಸ್. ವಯಸ್ಸಾಗಿ ಸವೆದಿದ್ದು ಅಂತ ಎಲ್ಲ ಹೇಳ್ತಿದ್ರು, ಇನ್ನೊಂದು ಕಾಲಿಗೂ ಅಷ್ಟೇ ವಯಸ್ಸಾಗಿದೆ ಅಲ್ವಾ, ಅದು ಆರಾಮಾಗಿದೆ. ಈ ಎಂಜೈಮ್‌ನ ತಡೆಯೋ ಮಾತ್ರೆ, ಇಂಜೆಕ್ಷನ್ ಏನಾದ್ರೂ ಇದ್ಯಾ? ಗ್ಲುಕೋಸಮೈನ್ ತಗೊಳ್ಳಿ ಅಂತಾನೂ ಹೇಳ್ತಾರೆ.

ಸ್ಲೈಡ್_ನೋಡೋಳು

ಸರ್, ನೀವು ಹೇಳಿದ್ದು ಸರಿ, ಪಾದದ ಕೀಲಿಗೆ ಬರೋ ಆಸ್ಟಿಯೋಆರ್ಥ್ರೈಟಿಸ್‌ನಲ್ಲಿ ಹೆಚ್ಚಿನ ಪಾಲು ಹಳೇ ಏಟಿಂದ್ಲೇ ಬರೋದು. ರೋಗದ ಓಟ ನಿಲ್ಲಿಸೋದು ಅಂತ ಒಪ್ಪಿಗೆ ಸಿಕ್ಕಿರೋ ಔಷಧಿ ಇಲ್ಲ. ಅಡಮ್‌ಟಿಎಸ್-5 ತಡೆಯೋ ಮಾತ್ರೆನ ರೋಗಿಗಳ ಮೇಲೆ ಟ್ರಯಲ್ ಮಾಡಿದ್ರು, ಉಪಯೋಗ ಕಾಣ್ಲಿಲ್ಲ. ಸ್ಪ್ರಿಫರ್ಮಿನ್ ಅಂತ ಒಂದು ಇಂಜೆಕ್ಷನ್, 2019ರಲ್ಲಿ ಫಲಿತಾಂಶ ಬಂತು, ಕಾರ್ಟಿಲೇಜ್ ಸ್ವಲ್ಪ ದಪ್ಪ ಆಯ್ತು ಆದ್ರೆ ರೋಗಿಗಳ ನೋವು ಔಷಧಿ ಇಲ್ಲದ ಸುಳ್ಳು ಇಂಜೆಕ್ಷನ್‌ಗಿಂತ ಹೆಚ್ಚೇನೂ ಕಮ್ಮಿ ಆಗ್ಲಿಲ್ಲ. ಗ್ಲುಕೋಸಮೈನ್‌ಗೆ ಗಟ್ಟಿ ಪುರಾವೆ ಇಲ್ಲ. ಟ್ರಯಲ್‌ಗಳಿಗೆ ಬರೋರಲ್ಲಿ ಬಹಳಷ್ಟು ಜನಕ್ಕೆ ಆಗ್ಲೇ ಕೊಲಾಜೆನ್ ಜಾಲ ಹೋಗಿರತ್ತೆ, ಔಷಧಿ ಕೊಡೋದೇ ಲೇಟ್ ಅಂತ ನಂಗನ್ಸತ್ತೆ.

ತಡವಾದ ಹಂತದ ಸ್ಲೈಡ್ ಒಂದ್ಸಲ ನೋಡಿದ್ರೆ ಯಾಕೆ ಹೀಗಂತೀನಿ ಗೊತ್ತಾಗತ್ತೆ. ಅಗ್ರಿಕ್ಯಾನ್ ಇರೋ ಕಡೆ ಹಿಡಿಯೋ ಸಫ್ರಾನಿನ್ ಬಣ್ಣ ಹಾಕಿದ್ರೆ ಆರೋಗ್ಯವಾಗಿರೋ ಕಾರ್ಟಿಲೇಜ್ ದಟ್ಟ ಕೆಂಪು, ರೋಗದಲ್ಲಿ ಮೇಲಿಂದ ಕೆಳಕ್ಕೆ ಕೆಂಪು ಕಳ್ಕೊಂಡು ಮಂಕಾಗಿರತ್ತೆ, ಅಂಚು ಕೂದಲು ಕೂದಲಾಗಿ ಬಿಚ್ಕೊಂಡಿರತ್ತೆ, ಒಂಟಿಯಾಗಿ ಇರ್ಬೇಕಾದ ಕೋಶಗಳು ಗುಂಪು ಗುಂಪಾಗಿ ಸೇರ್ಕೊಂಡಿರ್ತವೆ. ರಿಪೇರಿಗೆ ಅಂತ ಅವು ವಿಭಜನೆ ಆಗಿರೋದು, ಆದ್ರೆ ಮಾಡೋ ಪದಾರ್ಥ ಸರಿಯಾದ್ದಲ್ಲ. ಕೆಲವು ಊದ್ಕೊಂಡು ಮೂಳೆ ಆಗೋ ದಾರಿಯ ಟೈಪ್ 10 ಕೊಲಾಜೆನ್ ಮಾಡೋಕೆ ಹೋಗ್ತವೆ, ಇನ್ನು ಕೆಲವು ಮುದಿಯಾಗಿ ಸಾಯದೇ ಕೂತು ಅಕ್ಕಪಕ್ಕಕ್ಕೂ ಉರಿಯೂತ ಹಬ್ಬಿಸ್ತವೆ.

ಕ್ವಾಡ್ಸ್_ಮೊದಲು

ಫಿಸಿಯೋಥೆರಪಿಸ್ಟ್ ನಾನು. ಇದನ್ನೆಲ್ಲ ಓದಿ ಗಾಬರಿ ಬಿದ್ದು ಆ ಹುಡುಗ ನಡೆಯೋದೇ ಬಿಟ್ಬಿಟ್ರೆ ಕಷ್ಟ, ಅದಕ್ಕೇ ಬರೀತಿದೀನಿ. ಎಸಿಎಲ್ ಹರಿದ 10-20 ವರ್ಷಕ್ಕೆ ಸುಮಾರು ಅರ್ಧ ಜನಕ್ಕೆ ಆರ್ಥ್ರೈಟಿಸ್ ಬರತ್ತೆ ಅಂತ ಹೇಳೋದುಂಟು, ಅಂದ್ರೆ ಎಲ್ರಿಗೂ ಬರಲ್ಲ. ಕಾಂಡ್ರೋಸೈಟ್‌ಗೆ ಹದವಾದ ಒತ್ತಡ ಬೇಕೇ ಬೇಕು. ಕಾಲು ಪೂರ್ತಿ ಕಟ್ಟಿಟ್ರೆ ಕಾರ್ಟಿಲೇಜ್ ತೆಳ್ಳಗಾಗತ್ತೆ, ನಡಿಗೆ ಸೈಕ್ಲಿಂಗ್ ತರದ ಲೋಡ್ ಬಿದ್ದು ಬಿಟ್ಟು ಆದ್ರೆ ಅದೇ ಕೋಶ ಅಗ್ರಿಕ್ಯಾನ್ ಮಾಡೋಕೆ ಹುರುಪು ಪಡ್ಕೊಳ್ಳತ್ತೆ. ತೊಡೆಯ ಮುಂದಿನ ಮಾಂಸಖಂಡ ಸೊರಗಿದ್ರೆ ಪ್ರತಿ ಹೆಜ್ಜೆಲೂ ಮಂಡಿಗೆ ಏಟು ಜಾಸ್ತಿ. ತೂಕನೂ ಅಷ್ಟೇ, ಒಂದು ಕೆಜಿ ಇಳಿದ್ರೆ ಹೆಜ್ಜೆ ಹೆಜ್ಜೆಗೂ ಮಂಡಿ ಮೇಲೆ ಸುಮಾರು ನಾಲ್ಕು ಕೆಜಿಯಷ್ಟು ಭಾರ ಕಮ್ಮಿ. ಎಲ್ಲಕ್ಕಿಂತ ಮುಖ್ಯ, ಅದೇ ಮಂಡಿಗೆ ಇನ್ನೊಂದು ಏಟು ಬೀಳಬಾರ್ದು, ಆಟಕ್ಕೆ ಆತುರದಲ್ಲಿ ಇಳೀಬೇಡಿ.

ಎಡಗಾಲ್_ಕಿಕ್

ತುಂಬಾ ಥ್ಯಾಂಕ್ಸ್ ಎಲ್ರಿಗೂ. ಡಾಕ್ಟ್ರು ತೊಡೆ ಎಕ್ಸರ್‌ಸೈಜ್ ಅಂತ ಯಾಕೆ ಅಷ್ಟು ಸಲ ಹೇಳಿದ್ರು ಅಂತ ಈಗ ಗೊತ್ತಾಯ್ತು. ಸರ್, ಬಲ ಮತ್ತೆ ಎಡ ತೊಡೆ ಶಕ್ತಿ ಎಷ್ಟು ಹತ್ತಿರ ಬಂದ್ರೆ ಆಟಕ್ಕೆ ಹೋಗ್ಬಹುದು?

ಕ್ವಾಡ್ಸ್_ಮೊದಲು

ಒಳ್ಳೇ ಕಾಲಿನ ಶಕ್ತಿಯ ಕನಿಷ್ಠ 90 ಪರ್ಸೆಂಟ್ ಬರ್ಬೇಕು, ಒಂಟಿಕಾಲಲ್ಲಿ ಹಾರೋ ಟೆಸ್ಟಲ್ಲೂ ಅಷ್ಟೇ. ಆಪರೇಷನ್ ಆಗಿ 9 ತಿಂಗಳು ಆಗೋಕ್ಕಿಂತ ಮುಂಚೆ ಆ ಮಾತೇ ಬೇಡ. ಮಷಿನಲ್ಲಿ ಅಳೆಸಿ, ಕಣ್ಣಂದಾಜಲ್ಲಿ ಬೇಡ.