ಅಪ್‌ಡೇಟ್: ಬಡ ಕುಟುಂಬಕ್ಕೆ ಕೈಗೇ ಹಣ ಕೊಟ್ಟರೆ ಹಾಳಾಗುತ್ತಾ?

ಹಳ್ಳಿಯ ಬಡ ಕುಟುಂಬಕ್ಕೆ ನೇರವಾಗಿ ಹಣ ಕೊಟ್ಟರೆ ಕುಡಿತಕ್ಕೆ ಹೋಗುತ್ತಾ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ. ನೀವು ಹೇಳಿದ್ದನ್ನೆಲ್ಲ ಓದಿದೆ.

ನನ್ನ ಭಯ ತಪ್ಪಾಗಿತ್ತು. 2014ರಲ್ಲಿ ವಿಶ್ವಬ್ಯಾಂಕಿನ ಸಂಶೋಧಕರು 19 ಅಧ್ಯಯನಗಳನ್ನು ಒಟ್ಟಿಗೆ ನೋಡಿದ್ದಾರೆ. ಹಣ ಸಿಕ್ಕಿದ್ದಕ್ಕೆ ಮದ್ಯ, ತಂಬಾಕಿನ ಖರ್ಚು ಜಾಸ್ತಿಯಾಗಿರಲಿಲ್ಲ.

ನನ್ನನ್ನು ಹೆಚ್ಚು ತಟ್ಟಿದ್ದು ಕೀನ್ಯಾದ ಕಥೆ. ಅಲ್ಲಿ ಗಿವ್‌ಡೈರೆಕ್ಟ್ಲಿ ಸಂಸ್ಥೆಯಿಂದ ಹಣ ಪಡೆದ ಎಷ್ಟೋ ಮನೆಗಳು ಹುಲ್ಲಿನ ಸೂರು ತೆಗೆದು ತಗಡು ಹಾಕಿಸಿಕೊಂಡವು. ಹುಲ್ಲಿನ ಸೂರು ಸೋರುತ್ತದೆ, ಮತ್ತೆ ಮತ್ತೆ ಬದಲಿಸಬೇಕು, ಪ್ರತಿ ಸಲವೂ ಖರ್ಚು. ತಗಡು ಹಾಕಿದರೆ ಆ ಖರ್ಚು ಉಳಿಯುತ್ತದೆ. ಸುಮ್ನೆ ಶೋಕಿಗೆ ಅಲ್ಲ, ಲೆಕ್ಕ ಹಾಕಿಯೇ ಮಾಡಿದ್ದು ಅಲ್ವಾ? ದನಕರುಗಳನ್ನೂ ಕೊಂಡರು. ಊಟ ಸುಧಾರಿಸಿತು. ಮನಸ್ಸಿನ ನೆಮ್ಮದಿಯೂ ಹೆಚ್ಚಿತಂತೆ. ಬಡತನ ನಿದ್ದೆಯನ್ನೂ ಕಿತ್ತುಕೊಳ್ಳುತ್ತದೆ ಅನ್ನುವುದು ನನಗೆ ಹೊಳೆದೇ ಇರಲಿಲ್ಲ.

ಇನ್ನೊಂದು ಮಾತು. ಕೀನ್ಯಾದಲ್ಲಿ ತಿಂಗಳು ತಿಂಗಳು ಕೊಟ್ಟ ಹಣ ಊಟಕ್ಕೆ ಹೆಚ್ಚು ನೆರವಾಯಿತು. ಒಟ್ಟಿಗೆ ಕೊಟ್ಟದ್ದು ಸೂರಿನಂಥ ಬಾಳಿಕೆ ಬರುವ ವಸ್ತುಗಳಿಗೆ ಹೋಯಿತು. ಹಾಗಾಗಿ ಯಾವುದು ಬೇಕೆಂದು ನಾನು ತೀರ್ಮಾನಿಸಲಿಲ್ಲ. ನಾನು ಹಣ ಕೊಡಬೇಕೆಂದಿದ್ದ ಹಳ್ಳಿಯ ಮನೆಯವರನ್ನೇ ಕೇಳಿದೆ. ಅವರು ಒಟ್ಟಿಗೆ ಬೇಕು ಅಂದರು. ಮುಂದಿನ ವಾರ ಕೊಡುತ್ತಿದ್ದೇನೆ, ಲೆಕ್ಕ ಕೇಳುವುದಿಲ್ಲ.