ಪೈಲ್ಸ್ ಅಂತ ತೆಗೆದ ಗಡ್ಡೆ ಮೆಲನೋಮಾ ಇರಬಹುದಂತೆ, ಹೇಗೆ ಮೇಡಂ?

ಪ್ರಶ್ನೆ, ಮುಳಬಾಗಿಲಿನಿಂದ:
ನಮಸ್ಕಾರ ಮೇಡಂ. ನಮ್ಮಮ್ಮನಿಗೆ 63 ವರ್ಷ. ಆರು ತಿಂಗಳಿಂದ ಕಕ್ಕಸಿಗೆ ಹೋದಾಗ ರಕ್ತ ಬೀಳುತ್ತಿತ್ತು. ನಾಚಿಕೆಗೆ ಅಮ್ಮ ಪೂರ್ತಿ ಹೇಳಲೂ ಇಲ್ಲ. ಮೂಲವ್ಯಾಧಿ ಅಂತ ಮುಲಾಮು ಹಚ್ಚಿದ್ದೇ ಆಯಿತು. ಹೋದ ವಾರ ಗಡ್ಡೆ ತೆಗೆದರು. ಈಗ ಲ್ಯಾಬ್ ರಿಪೋರ್ಟಿನಲ್ಲಿ ‘ಮೆಲನೋಮಾ ಇರಬಹುದು, ಐಎಚ್‌ಸಿ ಮಾಡಿಸಿ’ ಅಂತಿದೆ. ಮೆಲನೋಮಾ ಚರ್ಮದ ಕ್ಯಾನ್ಸರ್ ಅಲ್ವಾ? ಗಡ್ಡೆ ಕಪ್ಪಗೂ ಇರಲಿಲ್ಲವಂತೆ. ರಿಪೋರ್ಟ್ ತಪ್ಪಿರಬಹುದಾ?

ಉತ್ತರ, ಪೆಥಾಲಜಿ ಡಾಕ್ಟರ್, ಕೋಲಾರ:
ಆ ತುಂಡನ್ನು ಲ್ಯಾಬಿಗೆ ಕಳಿಸಿದವರು ದೊಡ್ಡ ಉಪಕಾರ ಮಾಡಿದ್ದಾರೆ. ಪೈಲ್ಸ್ ತಾನೇ ಅಂತ ಎಸೆದಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ.

ಚರ್ಮಕ್ಕೆ ಬಣ್ಣ ಕೊಡುವ ಮೆಲನೋಸೈಟ್ ಕಣಗಳು ಗುದನಾಳದ ಒಳಪದರದಲ್ಲೂ ಇರುತ್ತವೆ. ಅಲ್ಲಿಂದಲೂ ಮೆಲನೋಮಾ ಹುಟ್ಟಬಹುದು. ಇದಕ್ಕೂ ಬಿಸಿಲಿಗೂ ಸಂಬಂಧ ಇಲ್ಲ. ತುಂಬಾ ಅಪರೂಪ, ಆ ಭಾಗದ ಕ್ಯಾನ್ಸರ್‌ಗಳಲ್ಲಿ ನೂರಕ್ಕೆ ಒಂದರ ಆಸುಪಾಸು. ರಕ್ತ, ಗಂಟು, ನೋವು, ಎಲ್ಲಾ ಪೈಲ್ಸ್ ತರಾನೇ. ಅದಕ್ಕೇ ತಡವಾಗುತ್ತದೆ.

ಬಣ್ಣವನ್ನು ನಂಬಬೇಡಿ. ಇಂಥ ಗಡ್ಡೆಗಳಲ್ಲಿ ಸಾಕಷ್ಟಕ್ಕೆ ಕಪ್ಪು ಬಣ್ಣವೇ ಇರುವುದಿಲ್ಲ. ಇತ್ತ ರಕ್ತ ಹೆಪ್ಪುಗಟ್ಟಿದ ಸಾಮಾನ್ಯ ಪೈಲ್ಸ್ ಕಪ್ಪಗೆ ಕಾಣಬಹುದು. ಬಣ್ಣ ಇಲ್ಲದ ಮೆಲನೋಮಾ ಸೂಕ್ಷ್ಮದರ್ಶಕದಲ್ಲೂ ನಮ್ಮನ್ನು ದಾರಿ ತಪ್ಪಿಸುತ್ತದೆ. ಒಮ್ಮೆ ಲಿಂಫೋಮಾ (ದುಗ್ಧರಸ ಕಣಗಳ ಕ್ಯಾನ್ಸರ್) ತರ, ಒಮ್ಮೆ ಬೇರೆ ಕ್ಯಾನ್ಸರ್ ತರ ಕಾಣುತ್ತದೆ. ಐಎಚ್‌ಸಿ ಕೇಳುವುದು ಈ ಗೊಂದಲ ಬಿಡಿಸಲು. ಕಣಗಳಲ್ಲಿರುವ ಪ್ರೋಟೀನ್ ಗುರುತುಗಳು ಬಣ್ಣದಲ್ಲಿ ಕಾಣುವಂತೆ ಮಾಡುವ ಪರೀಕ್ಷೆ ಅದು. ಎಸ್-100, ಸಾಕ್ಸ್-10, ಎಚ್‌ಎಂಬಿ-45, ಮೆಲಾನ್-ಎ ಎಂಬ ಗುರುತುಗಳನ್ನು ಹುಡುಕುತ್ತೇವೆ. ಒಂದನ್ನೇ ನಂಬಿದರೆ ಮೋಸ ಹೋಗಬಹುದು. ಸಿಡಿ-117 ಎಂಬ ಗುರುತು ಜಿಸ್ಟ್ ಅನ್ನುವ ಬೇರೆಯ ಗಡ್ಡೆಯಲ್ಲೂ ಬರುತ್ತದೆ, ಮೆಲನೋಮಾದಲ್ಲೂ ಬರಬಹುದು. ‘ಇರಬಹುದು’ ಅಂತ ಬರೆದವರು ಹುಷಾರಾಗಿ ಬರೆದಿದ್ದಾರೆ. ಅದನ್ನು ತಪ್ಪು ಅಂತ ತಳ್ಳಿಹಾಕಬೇಡಿ.

ಮುಳಬಾಗಿಲು:
ಮತ್ತೆ ತುಂಡು ತೆಗೆಯಬೇಕಾ ಮೇಡಂ? ಅಮ್ಮ ತುಂಬಾ ಸೋತಿದ್ದಾರೆ.

ಉತ್ತರ:
ಸಾಮಾನ್ಯವಾಗಿ ಬೇಡ. ತೆಗೆದ ಗಡ್ಡೆಯನ್ನು ಮೇಣದಲ್ಲಿ ಕೂರಿಸಿ ಲ್ಯಾಬಿನಲ್ಲಿ ಇಟ್ಟಿರುತ್ತಾರೆ. ಅದಕ್ಕೆ ಬ್ಲಾಕ್ ಅಂತೀವಿ. ಬ್ಲಾಕ್, ಅದರಿಂದ ತೆಳ್ಳಗೆ ಕತ್ತರಿಸಿ ಗಾಜಿನ ಮೇಲೆ ಕೂರಿಸಿದ ಸ್ಲೈಡ್ ಎರಡನ್ನೂ ಕೇಳಿ ಪಡೆದು ಬೆಂಗಳೂರಿನ ಕಿದ್ವಾಯಿಯಂಥ ಕ್ಯಾನ್ಸರ್ ಆಸ್ಪತ್ರೆಗೆ ಒಯ್ಯಿರಿ. ಮೆಲನೋಮಾ ಅಂತ ಖಚಿತವಾದರೆ ಅದೇ ಬ್ಲಾಕಿನಿಂದ ಕಿಟ್ ಎಂಬ ಜೀನ್‌ನಲ್ಲಿ ಬದಲಾವಣೆ ಇದೆಯಾ ಅನ್ನುವ ಪರೀಕ್ಷೆಯನ್ನೂ ಮಾಡಬಹುದು. ಕೆಲವರಿಗೆ ಮಾತ್ರೆಯ ಆಯ್ಕೆ ಅದರಿಂದ ತಿಳಿಯುತ್ತದೆ. ಅಲ್ಲಿ ಅಮ್ಮನ ಚರ್ಮ, ಕಣ್ಣು, ತೊಡೆಸಂದಿನ ಗಂಟುಗಳನ್ನು ನೋಡುತ್ತಾರೆ. ಬೇರೆ ಕಡೆಯ ಮೆಲನೋಮಾ ಇಲ್ಲಿಗೆ ಬಂದಿದೆಯಾ, ಇದು ಎಲ್ಲಾದರೂ ಹರಡಿದೆಯಾ ಅಂತ ತಿಳಿಯಲು ಎಂಆರ್‌ಐ, ಪೆಟ್-ಸಿಟಿ ಸ್ಕ್ಯಾನ್ ಹೇಳಬಹುದು. ಇದು ಬೇಗ ಹರಡುವ ಕಾಯಿಲೆ. ಹಬ್ಬ ಮುಗಿಯಲಿ ಅಂತ ಕಾಯಬೇಡಿ.

ಚಿಂತಾಮಣಿಯಿಂದ ಒಬ್ಬರು:
ನನಗೆ 34. ನನಗೂ ಆಗಾಗ ರಕ್ತ ಬೀಳುತ್ತೆ. ಭಯ ಆಗ್ತಿದೆ.

ಉತ್ತರ:
ಹೆಚ್ಚಿನವರಿಗೆ ಅದು ಪೈಲ್ಸ್ ಅಥವಾ ಬಿರುಕೇ ಆಗಿರುತ್ತದೆ. ಆದರೂ ಬಸ್ ಸ್ಟ್ಯಾಂಡ್ ಬೋರ್ಡ್ ನೋಡಿ ಇಂಜೆಕ್ಷನ್ ಹಾಕಿಸಿಕೊಳ್ಳಬೇಡಿ. ಸರ್ಜನ್ ಹತ್ತಿರ ಹೋಗಿ. ಬೆರಳು ಹಾಕಿ ನೋಡಲಿ, ಚಿಕ್ಕ ಕೊಳವೆ ಹಾಕಿ ಒಳಗೆ ನೋಡುವ ಪ್ರಾಕ್ಟೋಸ್ಕೋಪಿಯೂ ಮಾಡಲಿ. ಎರಡೂ ಸೇರಿ ಹತ್ತು ನಿಮಿಷವೂ ಬೇಡ.

ಮುಳಬಾಗಿಲು:
ನಾಳೆಯೇ ಬ್ಲಾಕ್ ತರುತ್ತೇನೆ ಮೇಡಂ.

ಉತ್ತರ:
ತನ್ನಿ. ಬ್ಲಾಕ್ ಮೇಲಿನ ನಂಬರ್, ರಿಪೋರ್ಟಿನ ನಂಬರ್ ಎರಡೂ ಒಂದೇನಾ ಅಂತ ಅಲ್ಲೇ ನೋಡಿಕೊಳ್ಳಿ. ಬಿಸಿಲಿಗೆ ಇಡಬೇಡಿ, ಮೇಣ ಕರಗಬಹುದು.