ಸಹಾಯ ಬೇಕು: ಹೆಸರು ಹೋಲುತ್ತದೆಂದು ಆರ್ಡರ್ ತಡೆದಿದ್ದಾರೆ
ಎಲ್ಲರಿಗೂ ನಮಸ್ಕಾರ. ಅಮೆರಿಕದ ಬಿಡಿಭಾಗ ಮಾರಾಟಗಾರರೊಬ್ಬರಿಂದ ಮೈಕ್ರೋಕಂಟ್ರೋಲರ್ ಬೋರ್ಡು, ಕೆಲವು ಸೆನ್ಸರ್ ಆರ್ಡರ್ ಮಾಡಿದ್ದೆ. ದುಡ್ಡು ಹೋಯಿತು, ಸರಕು ಮಾತ್ರ ಹೊರಟಿಲ್ಲ. ವಿಚಾರಿಸಿದರೆ, ಅಲ್ಲಿನ ಸರ್ಕಾರದ ನಿರ್ಬಂಧಿತರ ಪಟ್ಟಿಯಲ್ಲಿರುವ ಯಾರದೋ ಹೆಸರಿಗೆ ನನ್ನ ಹೆಸರು ಹೋಲುತ್ತದಂತೆ! ಅಮೆರಿಕದ ರಫ್ತು ನಿಯಮಗಳ ಪ್ರಕಾರ ಬೋರ್ಡಿನ ವರ್ಗ ಇಎಆರ್99 ಎಂದು ಅವರ ಪುಟದಲ್ಲೇ ಇದೆ. ಅಂದರೆ ಸಾಮಾನ್ಯವಾಗಿ ರಫ್ತು ಲೈಸೆನ್ಸ್ ಬೇಕಾಗುವುದಿಲ್ಲ. ಆದರೆ ಖರೀದಿದಾರ ಪಟ್ಟಿಯಲ್ಲಿದ್ದರೆ ಆ ಮಾತು ನಡೆಯದು, ಅದಕ್ಕೇ ಈ ತಡೆ.

ಈಗ ಅಂತಿಮ ಬಳಕೆಯ ಹೇಳಿಕೆ, ಅಂದರೆ ಸರಕನ್ನು ಯಾತಕ್ಕೆ ಬಳಸುತ್ತೇನೆಂದು ಬರೆದುಕೊಡುವ ಪತ್ರ, ಕೇಳಿದ್ದಾರೆ. 'ಹವ್ಯಾಸಕ್ಕೆ' ಎಂದು ಬರೆದರೆ ಸಾಕೇ, ಏನು ಕಟ್ಟುತ್ತಿದ್ದೇನೆ ಎಂಬ ವಿವರವೂ ಬೇಕೇ? ಪಟ್ಟಿಯಲ್ಲಿರುವುದು ನಾನಲ್ಲ ಎಂದು ತೋರಿಸಲು ಪಾಸ್‌ಪೋರ್ಟ್ ಪ್ರತಿಯನ್ನು ಮೇಲ್‌ನಲ್ಲಿ ಕಳಿಸಲು ಮನಸ್ಸಿಲ್ಲ. ಬರೀ ಜನ್ಮದಿನಾಂಕ, ವಿಳಾಸ ಕೊಟ್ಟು ಬಗೆಹರಿಸಿಕೊಂಡವರು ಯಾರಾದರೂ ಇದ್ದೀರಾ? 'ಬೇರೆಯವರ ಹೆಸರಲ್ಲಿ ತರಿಸು' ಎಂಬ ಸಲಹೆ ಮಾತ್ರ ಬೇಡ, ಅದು ಇನ್ನೂ ದೊಡ್ಡ ತಲೆನೋವು.